ಎರಡು ಡಿಸ್ಕಿಗೂ ಗಂಧ

ಆಯುಧ ಪೂಜೆಯ ದಿನ ಕಂಪ್ಯೂಟರ್ ರಿಪೇರಿಯವನಿಗೆ ಕೆಲಸ ಬರಬಾರದು. ಬಂದರೆ ಕೈಯಲ್ಲಿ ಆಯುಧ ಇರುವುದಿಲ್ಲ.

ಆ ದಿನ ನನ್ನ ಸ್ಕ್ರೂಡ್ರೈವರ್‌ಗಳು, ಇಕ್ಕುಳ, ಲ್ಯಾಪ್‌ಟಾಪ್ ಎಲ್ಲವೂ ಗಂಗೊಳ್ಳಿಯ ನಮ್ಮ ಮನೆಯ ದೇವರ ಕೋಣೆಯಲ್ಲಿ, ಅಪ್ಪಯ್ಯನ ಬಲೆ ಹೆಣೆಯುವ ಸೂಜಿಯ ಪಕ್ಕ, ಬಾಳೆಎಲೆಯ ಮೇಲೆ ಗಂಧ ಹಚ್ಚಿಸಿಕೊಂಡು ಮಲಗಿದ್ದವು. ಮರುದಿನ ಪೂಜೆ ಇಳಿಸುವ ತನಕ ಅವನ್ನು ಮುಟ್ಟುವ ಹಾಗಿಲ್ಲ. ಅಬ್ಬಿ, ಎಂದರೆ ನನ್ನ ಅಮ್ಮ, ಈ ವಿಷಯದಲ್ಲಿ ರಾಜಿಗೆ ಬರುವವಳಲ್ಲ. "ವರ್ಷಪೂರ್ತಿ ನಿನ್ನ್ ಕೈಯಗೆ ಕುಣಿತೊ, ಒಂದಿನ ಮಲ್ಕಣ್ಲಿ" ಅನ್ನುತ್ತಾಳೆ.

ಬೈಂದೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿಯ ಆಚೆ ಈಚೆ ಇರುವ ಅಂಗಡಿ, ದವಾಖಾನೆ, ಸ್ಟುಡಿಯೊಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಆ ಮಧ್ಯಾಹ್ನ ಫೋನ್ ಮಾಡಿದವನು ಕುಂದಾಪುರದ ಬಸ್ ನಿಲ್ದಾಣದ ಹಿಂಬದಿಯ ಒಂದು ವಿಡಿಯೊ ಸ್ಟುಡಿಯೊದ ಧಣಿ.

"ಹ್ವಾಯ್, ಎಲ್ಲಿದ್ರಿ?"

"ಮನಿಯಗೆ. ಪಂಚಕಜ್ಜಾಯ ತಿಂತಿದ್ದೆ."

"ತಿಂಬುದ್ ಬಿಟ್ ಬನ್ನಿ. ಪಿಚ್ಚರ್ ಕಾಂತಿಲ್ಲ."

"ಯಾವ ಪಿಚ್ಚರ್?"

"ಬೈಂದೂರ್ ಮದಿದ್ ಮರ್ರೆ. ಬೆಳಿಗ್ಗೆ ಇದ್ದಿತ್ತ್, ಈಗ ಇಲ್ಲ. ಬಡ್ಸಿದ್ ಎಲಿಯಿಂದ ಹೋಳ್ಗಿ ಎತ್ಕಂಡ್ ಹೋದಂಗ್ ಆಯ್ತ್."

ಪಂಚಕಜ್ಜಾಯದ ತಟ್ಟೆ ಕೆಳಗಿಟ್ಟೆ. ಆ ಮದುವೆಯ ಕಥೆ ನನಗೂ ಗೊತ್ತಿತ್ತು. ಹುಡುಗಿ ಬೈಂದೂರಿನವಳು, ಅವಳ ತಾಯಿ ಬಂದರಿನಲ್ಲಿ ಮೀನು ಏಲಂ ಕೂಗುವವರು. ಹುಡುಗ ಕೆರಾಡಿಯವನು, ಹಡಗಿನಲ್ಲಿ ಕೆಲಸ. ಮದುವೆ ಸೋಣ ತಿಂಗಳಲ್ಲಿ, ನವರಾತ್ರಿಗೆ ಮುಂಚೆಯೇ, ಆಗಿತ್ತು. ಹುಡುಗ ಈ ಆಯುಧ ಪೂಜೆಯ ಮರುದಿನ ಬೆಳಗಿನ ರೈಲಿಗೆ ಮುಂಬೈಗೆ, ಅಲ್ಲಿಂದ ಹಡಗಿಗೆ. ಹತ್ತಿದರೆ ಮುಂದಿನ ಮಳೆಗಾಲದ ತನಕ ನೆಲಕ್ಕೆ ಕಾಲಿಡುವವನಲ್ಲ. ಅದಕ್ಕೇ ಅವತ್ತು ಸಂಜೆ ಬೈಂದೂರಿನ ಒಂದು ಮದುವೆ ಹಾಲಿನಲ್ಲಿ ಎರಡೂ ಕಡೆಯವರು ಸೇರಿ ಮದುವೆ ಪಿಚ್ಚರ್ ನೋಡಿ, ಉಂಡು, ಅವನನ್ನು ಕಳಿಸಿಕೊಡುವುದೆಂದು ನಿಶ್ಚಯವಾಗಿತ್ತು.

ಅದರ ಕೊನೆಗೆ ಇನ್ನೊಂದು ತುಂಡು ಸೇರಬೇಕಿತ್ತು. ಹುಡುಗನ ಅಜ್ಜಿಗೆ ಗಂಟುನೋವು. ಕೆರಾಡಿಯಿಂದ ಮದುವೆಗೆ ಇಳಿದು ಬರಲು ಆಗಿರಲಿಲ್ಲ. ಅವರ ಆಶೀರ್ವಾದವನ್ನಾದರೂ ಸೇರಿಸೋಣವೆಂದು ಧಣಿ ಆ ದಿನ ಬೆಳಿಗ್ಗೆಯೇ ಕ್ಯಾಮರಾ ಹಿಡಿದು ಕೆರಾಡಿಗೆ ಹೋಗಿದ್ದ. ಅಜ್ಜಿ ಕ್ಯಾಮರಾದ ಎದುರು ಕೂತು ಆಶೀರ್ವಾದ ಮಾಡಿದರು. ಧಣಿ ತನ್ನ ಯಾವತ್ತಿನ ಅಭ್ಯಾಸದಂತೆ "ಸೇಫ್ಟಿಗೆ ಇನ್ನೊಂದ್ ಸಲ ಹೇಳ್ತ್ರ್ಯಾ ಅಮ್ಮ?" ಎಂದು ಕೇಳಿದ. ಅಜ್ಜಿ ಒಪ್ಪಲಿಲ್ಲ. "ಆಶೀರ್ವಾದ ಎರಡ್ ಸಲ ಹೇಳುಕಾಗ. ಸವ್ದ್ ಹೋತ್ತ್" ಎಂದು ಎದ್ದು ಒಳಗೆ ಹೋದರು.

ಅಬ್ಬಿಯ ಮುಖ ನೋಡಿದೆ. "ಸ್ಕೂಟರ್ ತಕಂಡ್ ಹೋಗ್, ಅದ್ ಓಡ್ಲಿ ಅಂತ್ಲೇ ಪೂಜಿ ಮಾಡುದ್. ಸ್ಕ್ರೂಡ್ರೈವರ್ ಮುಟ್ಬೇಡ" ಎಂದಳು. ಲಿಂಬೆಹಣ್ಣನ್ನು ಚಕ್ರದಡಿ ಚಪ್ಪಟೆ ಮಾಡಿ ಬರಿಗೈಯಲ್ಲಿ ಹೊರಟೆ. ಗಂಗೊಳ್ಳಿಯಲ್ಲಿ ನಿಂತರೆ ಹೊಳೆಯಾಚೆ ಕುಂದಾಪುರ ಕಣ್ಣಿಗೆ ಕಾಣುತ್ತದೆ, ಆದರೆ ರಸ್ತೆಯಲ್ಲಿ ತ್ರಾಸಿ, ಹೆಮ್ಮಾಡಿ ಸುತ್ತಿಯೇ ಹೋಗಬೇಕು. ಆ ಸುತ್ತು ಅಷ್ಟು ಉದ್ದವಿದೆಯೆಂದು ಅವತ್ತೇ ಗೊತ್ತಾದದ್ದು.

ಸ್ಟುಡಿಯೊದೊಳಗೆ ಕಾಲಿಟ್ಟರೆ ಗರ್ಭಗುಡಿ ಹೊಕ್ಕ ಹಾಗೆ. ಕ್ಯಾಮರಾಗಳಿಗೆ ಸೇವಂತಿಗೆ, ಲೈಟುಗಳ ಕಾಲಿಗೆ ಕುಂಕುಮ, ಪ್ರಿಂಟರಿನ ಬಾಯಲ್ಲಿ ಅಡಿಕೆಯ ಹಿಂಗಾರ. ಮೂಲೆಯ ಕುರ್ಚಿಯಲ್ಲಿ ಧಣಿಯ ಸೋದರಮಾವ ಕೂತಿದ್ದರು. ಕುಂದಾಪುರ–ಸಿದ್ದಾಪುರ ಲೈನಿನಲ್ಲಿ ಬಸ್ಸು ಓಡಿಸಿ ನಿವೃತ್ತರಾದವರು. ನಾವೆಲ್ಲ ಮಾವಯ್ಯ ಅನ್ನುತ್ತೇವೆ. ಸ್ಟುಡಿಯೊದ ಆಯುಧ ಪೂಜೆಗೆ ಅವರೇ ಪುರೋಹಿತರು. ಬಸ್ಸಿನ ಕಾಲದಲ್ಲಿ ಪೆಟ್ಟಿಗೆಯ ಒಂದೊಂದು ಸ್ಪ್ಯಾನರನ್ನೂ ಹೊರಗೆ ತೆಗೆದು, ಒರೆಸಿ, ಎಲೆಯ ಮೇಲೆ ಸಾಲಾಗಿಟ್ಟು ಪೂಜೆ ಮಾಡಿದವರು. "ಆಯುಧ ಪೆಟ್ಗಿ ಒಳ್ಗೆ ಇದ್ರೆ ದೇವ್ರಿಗ್ ಹ್ಯಾಂಗ್ ಕಾಂಬುದ್?" ಎನ್ನುವುದು ಅವರ ಸಿದ್ಧಾಂತ.

ಎಡಿಟಿಂಗ್ ಮಾಡುವವಳು ಹಾಲಾಡಿಯಿಂದ ದಿನಾ ಬಸ್ಸಿನಲ್ಲಿ ಬರುವ ಹೆಂಗಸು. ಆ ಪಿಚ್ಚರಿನ ಹಿಂದೆ ತಿಂಗಳಿಡೀ ಕೂತವಳು ಅವಳೇ. ಅಳುವುದೋ ಬೈಯುವುದೋ ತೀರ್ಮಾನವಾಗದೆ ನಿಂತಿದ್ದಳು.

"ಬೆಳಿಗ್ಗೆ ಪಿಚ್ಚರ್ ಪೂರ್ತಿ ಮಾಡಿ, ಒಂದೇ ಫೈಲ್ ಮಾಡುಕ್ ಎಕ್ಸ್‌ಪೋರ್ಟಿಗೆ ಹಾಕ್ದೆ. ಇವತ್ತ್ ಮೆಷಿನ್ ಓಡ್ಸುಕಾಗ ಅಂತ ಮಾವಯ್ಯ ಹೇಳ್ತ್ರ್ ಅಂತ ಸ್ಕ್ರೀನ್ ಆಫ್ ಮಾಡಿ, ಮೇಲೊಂದ್ ಹೂ ಇಟ್ ಹೋದೆ. ಒಳ್ಗೆ ಅದ್ ಓಡ್ತಾ ಇದ್ದಿತ್ತ್. ಪೂಜಿ ಮುಗಿವತ್ತಿಗೆ ಬಂದ್ ಕಂಡ್ರೆ ಕಲ್ಲ್‌ನಂಗ್ ನಿಂತಿತ್ತ್. ಪವರ್ ಬಟನ್ ಒತ್ತಿ ಎಬ್ಸ್ದೆ. ಎದ್ದ್ ಕೂತ್ತ್. ಊಟಕ್ಕ್ ಹೋಯ್ ಬಂದ್ ಕಂಡ್ರೆ ಪಿಚ್ಚರ್ ಇಲ್ಲ."

ಧಣಿ ಮುಂದುವರಿಸಿದ. ಅವನು ಕೆರಾಡಿಯಿಂದ ಬಂದಾಗ ಇವಳು ಊಟಕ್ಕೆ ಹೋಗಿದ್ದಳು. ಎದ್ದು ಕೂತಿದ್ದ ಆ ಯಂತ್ರಕ್ಕೆ ಅಜ್ಜಿಯ ತುಂಡನ್ನು ತಾನೇ ಹಾಕಿ, ಕಾರ್ಡನ್ನು ಖಾಲಿ ಮಾಡಿ, ಬ್ರಹ್ಮಾವರದ ಗ್ಯಾರೇಜುಗಳ ಪೂಜೆ ತೆಗೆಯಲು ಹೊರಟ ಕ್ಯಾಮರಾದವನ ಕೈಗೆ ಕೊಟ್ಟ. ಅವಳು ಊಟ ಮುಗಿಸಿ ಬಂದು ನೋಡಿದಾಗಲೇ ಪಿಚ್ಚರ್ ಇಲ್ಲವೆಂದು ಗೊತ್ತಾದದ್ದು.

"ಕಾರ್ಡ್ ಖಾಲಿ ಮಾಡ್ದ್ರ್ಯಾ?"

"ನೀವೇ ಹೇಳಿದ್ದಲೆ, ಇದ್ರೊಳ್ಗೆ ಹಾಕ್ದ್ರೆ ಎರಡ್ ಕಡೆ ಇರತ್ತ್ ಅಂತ."

ಹೇಳಿದ್ದು ಹೌದು. ಸ್ಟುಡಿಯೊದ ಪೆಟ್ಟಿಗೆಯಲ್ಲಿ ದೊಡ್ಡ ಡಿಸ್ಕು ಎರಡು, ಒಂದರ ಮೇಲೊಂದು. ಒಂದಕ್ಕೆ ಬರೆದದ್ದೆಲ್ಲ ಅದೇ ಗಳಿಗೆ ಇನ್ನೊಂದಕ್ಕೂ ಬರೆಯಲ್ಪಡುವ ಹಾಗೆ ನಾನೇ ಕಟ್ಟಿಕೊಟ್ಟದ್ದು. ಸಾಫ್ಟ್‌ವೇರ್ ರೇಡ್ ಎಂದು ಅದರ ಪೇಟೆಯ ಹೆಸರು. ನಮ್ಮ ಬಾಯಲ್ಲಿ 'ಜೋಡಿ'. ಒಂದು ಡಿಸ್ಕು ಸತ್ತರೂ ಇನ್ನೊಂದರಲ್ಲಿ ಎಲ್ಲ ಇರುತ್ತದೆ.

ಈ ಜೋಡಿಯಲ್ಲಿ ಬಿಟ್‌ಮ್ಯಾಪ್ ಎಂಬುದೊಂದಿದೆ. ನಾನು ಅದನ್ನು ಬಲೆಯ ಚಿಂದಿ ಎಂದು ವಿವರಿಸುತ್ತೇನೆ, ಯಾಕೆಂದರೆ ನನಗೆ ಅದು ಅರ್ಥವಾದದ್ದೇ ಹಾಗೆ. ಅಪ್ಪಯ್ಯನ ಕಾಲದಲ್ಲಿ ದೋಣಿಯಲ್ಲಿ ಬಲೆ ಎಳೆಯುವಾಗ ಯಾವ ಭಾಗ ಬಂಡೆಗೆ ಉಜ್ಜುವ ಅನುಮಾನವಿದೆಯೋ ಅಲ್ಲಿಗೆ ಮೊದಲೇ ಒಂದು ಕೆಂಪು ಚಿಂದಿ ಕಟ್ಟುತ್ತಿದ್ದರು. ದಡಕ್ಕೆ ಬಂದ ಮೇಲೆ ಇಡೀ ಬಲೆ ಹರಡಿ ನೋಡಬೇಕಾಗಿಲ್ಲ, ಚಿಂದಿ ಇದ್ದಲ್ಲಿ ನೋಡಿ, ಹರಿದಿದ್ದರೆ ಹೆಣೆದು, ಚಿಂದಿ ಬಿಚ್ಚಿದರೆ ಆಯಿತು. ಬಿಟ್‌ಮ್ಯಾಪ್ ಮಾಡುವುದೂ ಇದನ್ನೇ. ಡಿಸ್ಕಿನ ಯಾವ ಭಾಗಕ್ಕೆ ಬರೆಯಲಿಕ್ಕಿದೆಯೋ ಅಲ್ಲಿಗೆ ಬರೆಯುವ ಮೊದಲೇ ಒಂದು ಗುರುತು. ಎರಡೂ ಡಿಸ್ಕಿನಲ್ಲಿ ಬರೆದಾಯಿತೆಂದು ಖಾತ್ರಿಯಾದ ಮೇಲೆ, ಸ್ವಲ್ಪ ಸಾವಕಾಶವಾಗಿ, ಗುರುತು ಅಳಿಸುವುದು. ನಡುವೆ ಒಂದು ಡಿಸ್ಕು ಕೈಕೊಟ್ಟರೆ ಗುರುತುಗಳು ಹಾಗೇ ಉಳಿಯುತ್ತವೆ. ಅದು ವಾಪಸು ಬಂದಾಗ ಗುರುತು ಇದ್ದ ಭಾಗ ಮಾತ್ರ ನಕಲು ಮಾಡಿದರೆ ಸಾಕು. ಯಾರೂ ಮುಟ್ಟದಿದ್ದರೂ ಆಗಾಗ ಪೆಟ್ಟಿಗೆಯ ದೀಪ ಮಿಣುಕುವುದು ಈ ಗುರುತಿನ ಕೆಲಸಕ್ಕೇ. ಧಣಿ ಅದನ್ನು ನೋಡಿ "ರಾತ್ರಿ ಯಾರ್ ಕೆಲ್ಸ ಮಾಡ್ತಿದ್ರ್ ಇದ್ರೊಳ್ಗೆ?" ಎಂದು ಎಷ್ಟು ಸಲ ಕೇಳಿದ್ದಾನೋ.

ಕಳೆದ ಮಳೆಗಾಲದಲ್ಲಿ ಒಂದು ಡಿಸ್ಕಿನ ವಯರು ಸಡಿಲವಾಗಿ ಅದು ಅರ್ಧ ದಿನ ಹೊರಗುಳಿದಿತ್ತು. ನಾನು ಬಂದು ವಯರು ಒತ್ತಿ, ಅದನ್ನು ಪುನಃ ಜೋಡಿಗೆ ಸೇರಿಸುವ ಒಂದು ಆಜ್ಞೆ ಕೊಟ್ಟೆ. ತಂದಿಟ್ಟ ಚಾ ತಣಿಯುವುದರೊಳಗೆ ಎಲ್ಲ ಸರಿಯಾಯಿತು. ಆ ಚಾದ ಕಥೆಯನ್ನು ಧಣಿ ಕುಂದಾಪುರವಿಡೀ ಹೇಳಿಕೊಂಡು ಬಂದಿದ್ದ.

"ಆವತ್ತ್ ಮಾಡ್ದಂಗೇ ಮಾಡಿ ಬಿಡಿ. ಚಾ ತರ್ಸ್ತೆ" ಎಂದ ಈಗ.

ಸ್ಕ್ರೀನ್ ನೋಡಿದೆ. ಜೋಡಿಯಲ್ಲಿ ಮೇಲಿನ ಡಿಸ್ಕು ಹಾಜರು, ಕೆಳಗಿನದು ಗೈರು. ಮಳೆಗಾಲದ ಅದೇ ಚಿತ್ರ. ಅಷ್ಟರಲ್ಲಿ ಧಣಿಯ ಫೋನು ಬೈಂದೂರಿನಿಂದ ಹೊಡೆದುಕೊಂಡಿತು. ಏಲಂ ಕೂಗುವ ದನಿಗೆ ಸ್ಪೀಕರ್ ಬೇಕಾಗಲಿಲ್ಲ.

"ಹ್ವಾಯ್, ಅಡ್ಗಿ ಒಲಿ ಮೇಲಿತ್ತ್. ಪರದಿ ಕಟ್ಟಿ ಆಯ್ತ್. ನೀವ್ ಎಲ್ಲಿಗ್ ಬಂದ್ರಿ?"

"ಹೊರಟೇ ಆಯ್ತ್ ಅಕ್ಕ."

"ಪಿಚ್ಚರ್ ಬಂದಿಲ್ಲ ಅಂದ್ರೆ ನಿಮ್ಮನ್ನೇ ಪರದಿ ಎದ್ರ್ ನಿಲ್ಸಿ ಕುಣ್ಸ್ತೆ ಕಾಣಿ. ನಂಗ್ ಬೇರೆ ದಾರಿ ಇಲ್ಲ."

ಧಣಿಯ ಮುಖ ನೋಡಿದರೆ ಅವನು ಒಳಗೇ ಕುಣಿಯಲು ಶುರುಮಾಡಿದ್ದ. ನಾನು ಆಜ್ಞೆ ಬರೆದೆ. ಎಂಟರ್ ಒತ್ತುವುದೊಂದು ಬಾಕಿ.

ಎಂಟರ್ ಒತ್ತುವ ಮೊದಲು ಪೆಟ್ಟಿಗೆಯ ದೀಪ ನೋಡುವುದು ನನ್ನ ಅಭ್ಯಾಸ, ಬಲೆ ಬಿಡುವ ಮೊದಲು ಮೋಡ ನೋಡಿದ ಹಾಗೆ. ಬಗ್ಗಿದೆ. ಕೆಳಗಿನ ಡಿಸ್ಕಿನ ದೀಪವೇ ಹೊತ್ತಿರಲಿಲ್ಲ. ಡಿಸ್ಕು ಕೂರುವ ಡ್ರಾಯರನ್ನು ಎಳೆದರೆ ಹಿಂದಿನ ಸಂದಿಯಲ್ಲಿ ಏನೋ ಬಿಳಿ. ಅಕ್ಷತೆ ಕಾಳು.

"ಒಂದ್ ಸ್ಕ್ರೂಡ್ರೈವರ್ ಕೊಡಿ."

ಮಾವಯ್ಯ ಬಾಳೆಎಲೆಯ ಕಡೆ ಕೈ ತೋರಿಸಿದರು. "ಪೂಜಿಗ್ ಇಟ್ಟಿತ್ತಲೆ. ಮುಟ್ಟುಕಾಗ."

"ಕತ್ರಿ?"

"ಅದೂ."

"ಅಡಿಕಿ ಕತ್ರಿ?"

"ನನ್ದೇ. ಮೊದ್ಲ್ ಇಟ್ಟದ್ದೇ ಅದ್ನ."

ಎಡಿಟರ್ ಸೀರೆಯ ಸೆರಗಿಗೆ ಹಾಕಿದ ಪಿನ್ನು ಬಿಚ್ಚಿ ಕೊಟ್ಟಳು. ಆ ಕೋಣೆಯಲ್ಲಿ ಪೂಜೆ ತಪ್ಪಿಸಿಕೊಂಡ ಲೋಹ ಅದೊಂದೇ ಇದ್ದಿರಬೇಕು. ಪಿನ್ನಿನಲ್ಲಿ ಕಾಳು ಎಬ್ಬಿಸಿ ತೆಗೆದೆ. ಡಿಸ್ಕಿನ ನೆತ್ತಿಯ ಮೇಲೆ ಗಂಧ, ಅದರ ನಡುವೆ ಕುಂಕುಮದ ಬೊಟ್ಟು. ಓ, ಮಾವಯ್ಯ ಇದನ್ನು ಹೊರಗೆ ತೆಗೆದು ಪೂಜೆ ಮಾಡಿದ್ದಾರೆ, ಅದಕ್ಕೇ ಗೈರು ಎಂದುಕೊಂಡೆ. ಕೂರಿಸಿ ಎಂಟರ್ ಒತ್ತಿದರೆ ಆಯಿತು. ಹಾಗೆಂದುಕೊಂಡು ಕೆಳಗಿನದನ್ನು ವಾಪಸು ನೂಕಲು ಹೊರಟಾಗ ಮೇಲಿನ ಡಿಸ್ಕಿನ ಡ್ರಾಯರು ಕಣ್ಣಿಗೆ ಬಿತ್ತು. ಅದರ ಅಂಚಿನಲ್ಲೂ ಗಂಧ ಇಳಿದಿತ್ತು.

ಕೈ ನಿಂತಿತು.

"ಮಾವಯ್ಯ, ಎಷ್ಟ್ ಡಿಸ್ಕ್ ತೆಗ್ದ್ರಿ?"

"ಒಂದೇ."

"ಎರಡಕ್ಕೂ ಗಂಧ ಇತ್ತಲೆ."

"ಹಾರಿರತ್ತ್."

"ಗಂಧ ಹಾರ್ಲಿ, ಕುಂಕುಮವೂ ಹಾರಿ ಸಮಾ ನಡುಕೇ ಬಂದ್ ಕೂತ್ಕಣ್ತಾ?" ಎಂದಳು ಎಡಿಟರ್.

ಮಾವಯ್ಯ ಕುರ್ಚಿಯಲ್ಲಿ ಆಚೆ ಈಚೆ ಸರಿದರು. ತಾನು ಏನೋ ತೆಗೆದಾಗ ಯಂತ್ರ ಸದ್ದು ನಿಲ್ಲಿಸಿದ್ದು ಅವರಿಗೆ ಆಗಲೇ ಗೊತ್ತಾಗಿತ್ತು. "ಕಾಣಿ, ಒಂದಕ್ಕ್ ಮಾಡಿ ಇನ್ನೊಂದಕ್ಕ್ ಮಾಡ್ದಿದ್ರೆ ಅದ್ಕ್ ಬೇಜಾರಾತಿಲ್ಯಾ? ಅವಳಿ ಮಕ್ಕಳಗೆ ಒಬ್ಬನಿಗೆ ಮಾತ್ರ ಅಂಗಿ ಹೊಲ್ಸ್ತ್ರ್ಯಾ ನೀವ್?"

"ಎರಡೂ ಒಟ್ಟಿಗ್ ತೆಗ್ದ್ರ್ಯಾ, ಒಂದಾದ್ ಮೇಲೆ ಒಂದಾ?"

"ಒಂದಾದ್ ಮೇಲೆ ಒಂದ್. ಇಪ್ಪುದ್ ಒಂದೇ ಮಣಿ."

ಆ ಒಂದೇ ಮಣೆಯಲ್ಲಿ ನಮ್ಮ ಹಣೆಬರಹ ಇತ್ತು. ಕೂತು, ಮಾವಯ್ಯನ ಬಾಯಿಂದ ಒಂದೊಂದೇ ಎಳೆ ಬಿಡಿಸಿದೆ. ಮೊದಲು ಮೇಲಿನ ಡಿಸ್ಕನ್ನು ತೆಗೆದು ಮಣೆಯ ಮೇಲಿಟ್ಟರು. ಒಳಗೆ ಎಕ್ಸ್‌ಪೋರ್ಟ್ ಓಡುತ್ತಲೇ ಇತ್ತು, ಹಾಗಾಗಿ ಪಿಚ್ಚರ್ ಬರೆದುಕೊಂಡದ್ದು ಕೆಳಗಿನದರಲ್ಲಿ ಮಾತ್ರ. ಮಂಗಳಾರತಿ ಆದ ಮೇಲೆ ಮೇಲಿನದನ್ನು ವಾಪಸು ಹಾಕಿ ಕೆಳಗಿನದನ್ನು ಎಳೆದರು. ಒಮ್ಮೆ ಹೊರಗೆ ಹೋದ ಡಿಸ್ಕು ನಾವು ಕರೆಯದೆ ತಾನಾಗಿ ಜೋಡಿಗೆ ಸೇರುವುದಿಲ್ಲ. ಆದ್ದರಿಂದ ಆ ಗಳಿಗೆ ಯಂತ್ರಕ್ಕೆ ಡಿಸ್ಕೇ ಇಲ್ಲ, ಕಲ್ಲಾಯಿತು. ಎಡಿಟರ್ ಬಟನ್ ಒತ್ತಿ ಎಬ್ಬಿಸಿದಾಗ ಕೆಳಗಿನದು ಇನ್ನೂ ಮಣೆಯ ಮೇಲೆ ನೈವೇದ್ಯ ತೆಗೆದುಕೊಳ್ಳುತ್ತಿತ್ತು. ಯಂತ್ರ ಸ್ವಲ್ಪ ಹೊತ್ತು ಜೊತೆಗಾರನನ್ನು ಕಾದು, ಬಾರದಿದ್ದಾಗ ಮೇಲಿನದನ್ನು ಒಂಟಿಯಾಗಿ ಹಿಡಿದುಕೊಂಡು ಎದ್ದಿತು. ಪೂಜೆ ಮುಗಿಸಿ ಮಾವಯ್ಯ ಕೆಳಗಿನದನ್ನು ವಾಪಸು ನೂಕಿದರು, ಆದರೆ ಅಕ್ಷತೆ ಕಾಳು ಅಡ್ಡ ಬಂದು ಅದು ಪೂರ್ತಿ ಕೂರಲೇ ಇಲ್ಲ. ಧಣಿ ತಂದ ಅಜ್ಜಿಯ ಆಶೀರ್ವಾದ ಬರೆದುಕೊಂಡದ್ದು ಆ ಮೇಲಿನದರಲ್ಲಿ ಮಾತ್ರ.

ಎರಡೂ ಡಿಸ್ಕಿನ ತಲೆಬರಹ, ಎಂದರೆ ಜೋಡಿಯ ಲೆಕ್ಕ ಬರೆದಿಟ್ಟ ಜಾಗ, ತೆಗೆದು ಓದಿದೆ. ಮಾವಯ್ಯ ಸುಳ್ಳು ಹೇಳಿದರೂ ಡಿಸ್ಕು ಹೇಳುವುದಿಲ್ಲ. ಎರಡರದ್ದೂ ಒಂದೇ ಹೇಳಿಕೆ: ನಾನಿದ್ದೇನೆ, ಅವನು ಕಾಣೆ.

"ಅಂದ್ರೆ ಪಿಚ್ಚರ್ ಅದ್ರೊಳ್ಗೆ, ಅಜ್ಜಿ ಇದ್ರೊಳ್ಗೆ" ಎಂದ ಧಣಿ ನಿಧಾನವಾಗಿ. "ಒಟ್ಟಿಗ್ ಸೇರ್ಸಿದ್ರೆ ಎರಡೂ ಬತ್ತಿಲ್ಯಾ?"

"ಅದೇ ಆತಿಲ್ಲ. ಈ ಬಲಿ ಚಿಂದಿ ಆ ಬಲಿ ಹರ್ಕ್ ಹೇಳ್ತಿಲ್ಲ."

ಬಿಡಿಸಿ ಹೇಳಿದೆ. ಒಂದೇ ಥರದ ಎರಡು ಬಲೆ ಎಂದುಕೊಳ್ಳಿ. ಒಂದು ಸಮುದ್ರಕ್ಕೆ ಹೋಗಿ ಇನ್ನೊಂದು ಮನೆಯಲ್ಲೇ ಇದ್ದರೆ, ಹೋದದ್ದರ ಚಿಂದಿ ನೋಡಿ ಮನೆಯದನ್ನು ಅದಕ್ಕೆ ಸಮ ಮಾಡಬಹುದು. ಮಳೆಗಾಲದಲ್ಲಿ ಆದದ್ದು ಅಷ್ಟೇ. ಈಗ ಎರಡೂ ಬಲೆ ಒಂದಕ್ಕೊಂದು ಹೇಳದೆ ಬೇರೆ ಬೇರೆ ಹೊತ್ತಿಗೆ ಸಮುದ್ರಕ್ಕೆ ಹೋಗಿ ಬಂದಿವೆ. ಹಳೆಯ ಆಜ್ಞೆ ಕೊಟ್ಟಿದ್ದರೆ ಯಂತ್ರ ಮೇಲಿನದರ ಚಿಂದಿ ಮಾತ್ರ ನೋಡಿ ಕೆಳಗಿನದಕ್ಕೆ ಅಲ್ಲಲ್ಲಿ ತೇಪೆ ಹಾಕುತ್ತಿತ್ತು. ಪಿಚ್ಚರ್ ಎಲ್ಲಿದೆಯೆಂಬ ವಿಳಾಸ ಅಳಿಸಿಹೋಗುತ್ತಿತ್ತು. ಒಳಗೆ ಎರಡೂ ಬೇರೆ ಬೇರೆಯಾಗಿಯೇ ಉಳಿಯುತ್ತಿದ್ದವು.

"ಮತ್ತೆ ಮೇಲಿಂದ ಹಸ್ರ್ ದೀಪ ಹೊತ್ತಿ, ಎಲ್ಲ ಸಮಾ ಇತ್ತ್ ಅಂತ ಹೇಳ್ತಿತ್ತ್" ಎಂದೆ. "ಚಾ ಕುಡುದ್ರೊಳ್ಗೆ."

ಧಣಿ ಕೈಯಲ್ಲಿದ್ದ ಚಾ ಲೋಟವನ್ನು ಕೆಳಗಿಟ್ಟ.

"ಹಂಗಾರೆ ಪಿಚ್ಚರ್ ಒಂದ್ ಉಳ್ಸಿ. ಅಜ್ಜಿದ್ ಸಾಯ್ಲಿ" ಎಂದು ಬಾಯಿಬಿಟ್ಟು, ಎಂಥ ಮಾತು ಬಂತೆಂದು ತಾನೇ ನಾಲಗೆ ಕಚ್ಚಿಕೊಂಡ. "ಅಜ್ಜಿ ತುಂಡ್ ಅಂದೆ."

"ಅವ್ರ್ ಎರಡ್ನೇ ಸಲ ಹೇಳುದಿಲ್ಲ ಅಂದಿದ್ರಲೆ" ಎಂದಳು ಎಡಿಟರ್. "ಹುಡ್ಗ ಕೇಳ್ದ್ರೆ ಎಂತ ಹೇಳ್ತ್ರಿ? ನಿಮ್ಮ್ ಅಜ್ಜಿ ಆಶೀರ್ವಾದ ನಮ್ಮ್ ಮಣಿ ಮೇಲ್ ಹೋಯ್ತ್ ಅಂತ?"

ನಾನು ಬರೆದಿಟ್ಟ ಆಜ್ಞೆಯನ್ನು ಒಂದೊಂದೇ ಅಕ್ಷರ ಅಳಿಸಿದೆ. ಜೋಡಿ ಸೇರಿಸುವ ಮಾತೇ ಬೇಡ ಎಂದು ಅಲ್ಲಿ ತೀರ್ಮಾನ ಮಾಡಿದೆ. ಜಗಳವಾಡಿದ ಅಣ್ಣತಮ್ಮಂದಿರನ್ನು ಒಟ್ಟಿಗೆ ಕೂರಿಸಿದರೆ ಇಬ್ಬರ ಮಾತೂ ಕೆಡುತ್ತದೆ. ಬೇರೆ ಬೇರೆ ಕೋಣೆಯಲ್ಲಿ ಕೂರಿಸಿ ವಿಚಾರಿಸಬೇಕು. ಮೊದಲು ಮೇಲಿನದರಿಂದ ಅಜ್ಜಿಯನ್ನು ಹೊರಗಿನ ಒಂದು ಡಿಸ್ಕಿಗೆ ಇಳಿಸುವುದು. ಆಮೇಲೆ ಮೇಲಿನದನ್ನು ಪೂರ್ತಿ ಹೊರಗಿಟ್ಟು, ಕೆಳಗಿನದನ್ನು ಒಂಟಿಯಾಗಿ, ಓದಲು ಮಾತ್ರ ಬಿಟ್ಟು ಎಬ್ಬಿಸಿ, ಪಿಚ್ಚರನ್ನು ಇಳಿಸುವುದು. ಎರಡೂ ಕೈಗೆ ಬರುವ ತನಕ ಒಂದರ ಮುಖ ಇನ್ನೊಂದಕ್ಕೆ ತೋರಿಸುವಂತಿಲ್ಲ.

"ಹೊರ್ಗಿನ್ ಡಿಸ್ಕ್ ಒಂದ್ ಕೊಡಿ."

ಮತ್ತೆ ಅದೇ ಕಥೆ. ಸ್ಟುಡಿಯೊದ ಹೊರಗಿನ ಡಿಸ್ಕುಗಳೆಲ್ಲ ಎಲೆಯ ಮೇಲೆ, ಮಲ್ಲಿಗೆಯಡಿ ಇದ್ದವು. ಹಬ್ಬದ ದಿನ, ಪೇಟೆ ಬಾಗಿಲು ಹಾಕಿತ್ತು. ಪಿನ್ನಿನೊಳಗೆ ಪಿಚ್ಚರ್ ತುಂಬುವ ವಿದ್ಯೆ ಇನ್ನೂ ಬಂದಿಲ್ಲ.

ಮಾವಯ್ಯ ಎದ್ದರು. ಎಲೆಯ ಮುಂದೆ ಮಂಡಿಯೂರಿ, ಒಂದು ಡಿಸ್ಕಿನ ಮೇಲಿನ ಹೂ ತೆಗೆದು, ಕಣ್ಣಿಗೊತ್ತಿಕೊಂಡು, ಡಿಸ್ಕನ್ನು ಒಂದೇ ಒಂದು ಬೆರಳಗಲ ಬಡಗು ದಿಕ್ಕಿಗೆ ಸರಿಸಿದರು. ಪೂಜೆ ಮುಗಿದ ಮೇಲೆ ದೇವರನ್ನು ಹಾಗೆ ಸರಿಸಿದರೆ, ಇನ್ನು ಹೊರಡಬಹುದು ಎಂದು ಅಪ್ಪಣೆ ಕೊಟ್ಟ ಹಾಗೆ.

"ಇದೊಂದ್ರ ಪೂಜಿ ಇಳ್ಸ್ದೆ. ತಕಣಿ."

"ಒಂದಿನ ಮುಂಚೆ ಇಳ್ಸುಕಾತ್ತಾ ಮಾವ?" ಎಂದ ಧಣಿ.

"ಹಾಲಾಡಿ ಇಳ್ಜಾರಗೆ ಬಸ್ಸ್ ನಿಂತಿದ್ರೆ, ಒಳ್ಗೆ ಹೆರೂ ಹೆಣ್ಣ್ ಇದ್ದಿದ್ರೆ, ನಾನ್ ಸ್ಪ್ಯಾನರಿಗೆ ನಾಳೆ ಬಾ ಅಂತಿದ್ನಾ?" ಎಂದರು ಮಾವಯ್ಯ. ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, "ಸ್ಕ್ರೂಡ್ರೈವರ್ ಬೇಕಿದ್ರೆ ಅದನ್ನೂ ಸರ್ಸ್ತೆ" ಎಂದರು.

ಅಜ್ಜಿ ಸುಲಭಕ್ಕೆ ಇಳಿದರು. ತೆರೆದು ನೋಡಿದೆವು, ಮುಖ ಬಂತು, ದನಿ ಬಂತು. ಕಷ್ಟ ಇದ್ದದ್ದು ಕೆಳಗಿನದರಲ್ಲಿ. ಬರೆಯುತ್ತಿದ್ದಾಗಲೇ ಕಿತ್ತ ಡಿಸ್ಕು ಅದು. ಎಕ್ಸ್‌ಪೋರ್ಟ್ ಮುಗಿದ ಮೇಲೆ ಕಿತ್ತದ್ದಾದರೆ ಪಿಚ್ಚರ್ ಪೂರ್ತಿ ಇರುತ್ತದೆ. ಮುಗಿಯುವ ಮೊದಲೇ ಆಗಿದ್ದರೆ ಅರ್ಧ ಕಡತ, ಅದನ್ನು ಯಾವ ಉಪಾಯದಿಂದಲೂ ತೆರೆಯಲಾಗುವುದಿಲ್ಲ.

"ಎಕ್ಸ್‌ಪೋರ್ಟಿಗೆ ಒಂದ್ ಗಂಟಿ ಮೇಲೇ ಬೇಕ್" ಎಂದಳು ಎಡಿಟರ್. "ಮಾವಯ್ಯ, ಮೊದ್ಲಿನ್ ಡಿಸ್ಕಿನ್ ಪೂಜಿ ಎಷ್ಟೊತ್ತ್ ಮಾಡ್ದ್ರಿ?"

ಮಾವಯ್ಯನ ಪೂಜೆ ಉದ್ದವೆಂದು ಆ ಮನೆಯಲ್ಲಿ ಮೊದಲಿನಿಂದಲೂ ದೂರು. ಗಂಟೆ ಹಿಡಿದರೆ ಕೈ ಸೋಲಬೇಕು. ಒಮ್ಮೆ ಅವರ ಮಂಗಳಾರತಿಯ ನಡುವೆ ಧಣಿ ಹೋಗಿ ಒಂದು ಪಾಸ್‌ಪೋರ್ಟ್ ಫೋಟೊ ತೆಗೆದು ಬಂದಿದ್ದನಂತೆ.

"ಗಣಪತಿಗ್ ಮಾಡ್ದೆ. ದೇವಿಗ್ ಮಾಡ್ದೆ. ಬಸ್ಸಿಗ್ ಮಾಡ್ದೆ" ಎಂದು ಮಾವಯ್ಯ ಎಣಿಸತೊಡಗಿದರು.

"ಬಸ್ಸ್ ಎಲ್ಲಿತ್ತ್ ಮಾವ?"

"ಇಲ್ಲ. ಮನ್ಸಿನಗೇ ಮಾಡ್ದೆ. ಸಿದ್ದಾಪುರ ತನ್ಕ."

ಕೆಳಗಿನ ಡಿಸ್ಕು ಎದ್ದಿತು. ಓದಲು ಮಾತ್ರ ಎಂದು ಕಟ್ಟಿಹಾಕಿ ಒಳಗೆ ಹೋದೆ. ಕಡತ ಇತ್ತು. ಎಡಿಟರ್ ನನ್ನ ಕೈಯಿಂದ ಮೌಸ್ ಕಿತ್ತುಕೊಂಡು ನೇರ ಕೊನೆಗೆ ಹೋದಳು. ಹುಡುಗಿ ಮಾವನ ಮನೆಯ ಹೊಸ್ತಿಲಲ್ಲಿ ಸೇರು ಒದ್ದು ಒಳಗೆ ಬಂದಳು, ಅಕ್ಕಿ ಚೆಲ್ಲಿತು, ಹೆಸರುಗಳು ಮೇಲೇರಿದವು, ಸ್ಕ್ರೀನ್ ಕಪ್ಪಾಯಿತು. ಪೂರ್ತಿ.

ಎಡಿಟರ್ ಕುರ್ಚಿಯಲ್ಲಿ ಹಿಂದಕ್ಕೊರಗಿದಳು. "ಮಾವಯ್ಯ, ಇನ್ನ್ ಮೇಲೆ ನಿಮ್ಮ್ ಪೂಜಿ ಉದ್ದ ಆಯ್ತ್ ಅಂತ ನಾನ್ ಹೇಳುದಿಲ್ಲ."

"ಹೇಳಿ. ಅಡ್ಡಿಲ್ಲ" ಎಂದರು ಮಾವಯ್ಯ. ಅವರಿಗೆ ಜೀವ ಬಂದಿತ್ತು.

ಅವಳು ಪಿಚ್ಚರಿನ ಬಾಲಕ್ಕೆ ಅಜ್ಜಿಯನ್ನು ಸೇರಿಸುವಷ್ಟರಲ್ಲಿ ಬೈಂದೂರಿನಿಂದ ಮತ್ತೆರಡು ಸಲ ಫೋನು ಬಂತು. ಎರಡನೆಯ ಸಲ ಧಣಿ ಎತ್ತದೆ ಮಾವಯ್ಯನ ಕೈಗೆ ಕೊಟ್ಟ. ಮಾವಯ್ಯ "ಹೋಲ್ಡ್ ಆನ್" ಎಂದು ಹೇಳಿ ಮೇಜಿನ ಮೇಲಿಟ್ಟರು.

ಹೊರಡುವ ಮೊದಲು ಜೋಡಿಯನ್ನು ಸರಿಮಾಡಿದೆ. ಅಜ್ಜಿಯ ತುಂಡನ್ನು ಕೆಳಗಿನದಕ್ಕೂ ಹಾಕಿ, ಅದನ್ನೇ ಹಿರಿಯನೆಂದು ಒಪ್ಪಿ, ಮೇಲಿನದರ ತಲೆಬರಹ ಅಳಿಸಿ ಹೊಸ ಡಿಸ್ಕಿನ ಹಾಗೆ ಸೇರಿಸಿದೆ. ಚಿಂದಿಯ ಮಾತು ನಂಬದೆ ಇಡೀ ಬಲೆಯನ್ನು ಕಣ್ಣಿಗೆ ಕಣ್ಣು ನೋಡಿ ನಕಲು ಮಾಡುವ ಕೆಲಸ.

"ಎಷ್ಟೊತ್ತ್ ಬೇಕ್?" ಎಂದ ಧಣಿ.

"ನಾಳೆ ತನ್ಕ."

"ಆವತ್ತ್ ಒಂದ್ ಚಾ ಹೊತ್ತಿಗೆ…"

"ಇವತ್ತ್ ಊಟ, ನಿದ್ರಿ, ಮತ್ತೆ ನಾಳೆ ಚಾ."

ಮಾವಯ್ಯ ಪೂಜೆಗೆ ಒಡೆದ ಕುಂಬಳಕಾಯಿಯ ಹೋಳೊಂದನ್ನು ತಂದು ಪೆಟ್ಟಿಗೆಯ ಎದುರಿಟ್ಟು, "ಯಾರೂ ಮುಟ್ಟುಕಾಗ" ಎಂದು ಅಪ್ಪಣೆ ಮಾಡಿದರು. ಮುಟ್ಟುವವರು ಅವರೊಬ್ಬರೇ ಎಂದು ಯಾರೂ ಹೇಳಲಿಲ್ಲ.

ಧಣಿಯ ಹೂಮಾಲೆ ಹಾಕಿದ ಕಾರಿನಲ್ಲಿ ನಾಲ್ವರೂ ಹೊರಟೆವು. ಮಾವಯ್ಯನೇ ಓಡಿಸಿದರು. ಹೆಮ್ಮಾಡಿಯಲ್ಲಿ, ತ್ರಾಸಿಯಲ್ಲಿ, ಬಸ್ ನಿಲ್ದಾಣ ಕಂಡಲ್ಲೆಲ್ಲ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಮರವಂತೆಯಲ್ಲಿ ಸೂರ್ಯ ಮುಳುಗುತ್ತಿದ್ದ, ಅತ್ತ ನೋಡಲು ಯಾರಿಗೂ ಪುರುಸೊತ್ತಿಲ್ಲ. ಡಿಸ್ಕು ಎಡಿಟರಿನ ಮಡಿಲಲ್ಲಿ, ಸೆರಗಿನಡಿ ಇತ್ತು. ಪಿನ್ನು ನನ್ನ ಜೇಬಿನಲ್ಲೇ ಉಳಿದುಹೋಗಿದ್ದರಿಂದ ಸೆರಗನ್ನು ದಾರಿಯಿಡೀ ಅವಳು ಕೈಯಲ್ಲೇ ಹಿಡಿದುಕೊಂಡಳು.

ಹಾಲಿನ ಬಾಗಿಲಲ್ಲಿ ಹುಡುಗಿಯ ತಾಯಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದರು. "ಕುಣುಕ್ ತಯಾರಾಯ್ ಬಂದ್ರ್ಯಾ, ಪಿಚ್ಚರ್ ತಂದ್ರ್ಯಾ?"

"ತಂದ್ವಿ ಅಕ್ಕ."

"ಬದ್ಕ್ದ್ರಿ."

ಪಿಚ್ಚರ್ ಓಡಿತು. ಮಂದಿ ತಮ್ಮ ತಮ್ಮ ಮುಖ ಬಂದಾಗ ನಕ್ಕರು, ಪಕ್ಕದವರ ಮುಖ ಬಂದಾಗ ಇನ್ನೂ ಜೋರು ನಕ್ಕರು. ಹುಡುಗ ಮುಂದಿನ ಸಾಲಿನಲ್ಲಿ ಹೆಂಡತಿಯ ಪಕ್ಕ ಕೂತಿದ್ದ. ರೈಲಿಗೆ ಕಟ್ಟಿದ ಚೀಲಗಳು ಬಾಗಿಲ ಹತ್ತಿರವೇ ಇದ್ದವು. ಸೇರು ಒದ್ದಾಯಿತು, ಅಕ್ಕಿ ಚೆಲ್ಲಿತು, ಹೆಸರುಗಳು ಏರಿದವು. ಎದ್ದು ಹೊರಟವರು ಪರದೆಯ ಮೇಲೆ ಅಜ್ಜಿಯನ್ನು ಕಂಡು ನಿಂತಲ್ಲೇ ನಿಂತರು.

ಅಜ್ಜಿ ಕ್ಯಾಮರಾವನ್ನು ಒಂದು ಗಳಿಗೆ ಅನುಮಾನದಿಂದ ನೋಡಿದರು. "ಮಗಾ, ಗಂಟ್ ಬಿಡ್ಲಿಲ್ಲ, ಮದಿಗ್ ಬಪ್ಪುಕಾಯಿಲ್ಲ. ಹೆಣ್ಣ್ ಲಾಯ್ಕಿತ್ತ್ ಅಂಬ್ರ್ ಎಲ್ಲ. ನೀನೇ ಸುಮಾರ್." ಹಾಲು ಗೊಳ್ಳೆಂದಿತು. ಅಜ್ಜಿ ನಗು ಮುಗಿಯಲೆಂದು ಕಾದವರ ಹಾಗೆ ಸುಮ್ಮನಿದ್ದು ಮುಂದುವರಿಸಿದರು. "ಹಡ್ಗಿನಗೆ ಸಮಾ ಉಣ್ಣ್. ಅವ್ಳಿಗೆ ದಿನಾ ಫೋನ್ ಮಾಡ್, ನಂಗ್ ವಾರಕ್ಕೊಂದ್ ಸಾಕ್. ನೀ ತಿರ್ಗಿ ಬಪ್ಪುತನ್ಕ ನಾನ್ ಇಲ್ಲೇ ಕೂತಿರ್ತೆ, ಎಲ್ಲಿಗೂ ಹೋತಿಲ್ಲ. ಇಬ್ರೂ ಸುಖವಾಯ್ ಇರಿ." ಆಮೇಲೆ ಧಣಿಯ ಕಡೆಗೆ, "ಆಯ್ತ್. ಬಂದ್ ಮಾಡ್ ಅದನ್ನ."

ಪರದೆ ಕಪ್ಪಾಯಿತು. ಹುಡುಗ ಹೆಗಲ ಮೇಲಿದ್ದ ಬೈರಾಸಿನಲ್ಲಿ ಮುಖ ಒರೆಸಿಕೊಂಡ, ಒರೆಸಿ ಮುಗಿಸಲು ಬಹಳ ಹೊತ್ತು ತೆಗೆದುಕೊಂಡ. ಕೊನೆಗೆ ಹುಡುಗಿಯ ತಾಯಿ ತಗ್ಗಿದ ದನಿಯಲ್ಲಿ ಹೇಳಿದರು, ಅವರಿಗೆ ಅಂಥ ದನಿಯೂ ಇದೆಯೆಂದು ನಮಗೆ ಗೊತ್ತಿರಲಿಲ್ಲ: "ಇನ್ನೊಂದ್ ಸಲ ಹಾಕಿ."

ಧಣಿಯ ಕೈ ಅರ್ಧಕ್ಕೆ ನಿಂತಿತು. ಆಶೀರ್ವಾದ ಎರಡು ಸಲ ಆಗದು ಎಂದು ಅಜ್ಜಿ ಬೆಳಿಗ್ಗೆಯಷ್ಟೇ ಹೇಳಿದ್ದರು. ಅವನು ಮಾವಯ್ಯನ ಕಡೆ ನೋಡಿದ. ನಾನೂ ನೋಡಿದೆ. ಶಾಸ್ತ್ರದ ವಿಷಯ ಬಂದರೆ ನಮ್ಮಲ್ಲಿ ಕೊನೆಯ ಮಾತು ಅವರದ್ದು.

"ಹೇಳುದ್ ಒಂದೇ ಸಲ" ಎಂದರು ಮಾವಯ್ಯ. "ಕೇಂಬುದ್ ಎಷ್ಟ್ ಸಲವೂ ಆತ್ತ್. ಹಾಕ್."

ಧಣಿ ಹಾಕಿದ. ಅಜ್ಜಿ ಮತ್ತೆ ಪರದೆಗೆ ಬಂದು ಕ್ಯಾಮರಾವನ್ನು ಅನುಮಾನದಿಂದ ನೋಡಿದರು. "ನೀನೇ ಸುಮಾರ್" ಅನ್ನುವುದಕ್ಕೆ ಮೊದಲೇ ಹುಡುಗ ನಗಲು ಶುರುಮಾಡಿದ್ದ.